ಬರೆದವನು ಫ್ರಾನ್ಸಿನಲ್ಲಿ, ಮಾರಿದವನು ಜೈಲಿನಲ್ಲಿ

ಹೋದ ಸಂಚಿಕೆಯಲ್ಲಿ ಹದಿನೆಂಟನೇ ಶತಮಾನದ ರಾಜಕೀಯ ಬರಹಗಾರ ಥಾಮಸ್ ಪೇನ್ ಬಗ್ಗೆ ಬರೆಯುತ್ತಾ, ಅವನ ಪುಸ್ತಕ ಮಾರಿದ ಅಂಗಡಿಯವರು ಇಂಗ್ಲೆಂಡಿನಲ್ಲಿ ಜೈಲು ಸೇರಿದರು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ! ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾ ಹೊಟ್ಟೆ ಹೊರೆದವನು. ಹಳೆಯ ಇಂಗ್ಲಿಷ್ ಮೊಕದ್ದಮೆಗಳ ವರದಿ ಓದುವ ಚಟ ಅಲ್ಲೇ ಅಂಟಿಕೊಂಡದ್ದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾನು ಪುಸ್ತಕದಂಗಡಿ ಇಟ್ಟುಕೊಂಡವನು. ಬರೆದವನನ್ನು ಬಿಟ್ಟು ಮಾರಿದವನನ್ನು ಹಿಡಿಯುವುದು ಯಾವ ನ್ಯಾಯ?

ನ್ಯಾಯದ ಮಾತು ಬಿಡಿ, ಅನುಕೂಲದ ಮಾತು ಇದು. ಬರೆದವನಿಗೆ ಕಾಲಿದೆ, ಅಂಗಡಿಗೆ ಬೋರ್ಡಿದೆ. ರಾಜಪ್ರಭುತ್ವವನ್ನೇ ಪ್ರಶ್ನಿಸಿದ ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ ಎರಡನೇ ಭಾಗ ಬಂದದ್ದು 1792ರ ಫೆಬ್ರುವರಿಯಲ್ಲಿ. ಮೇ ತಿಂಗಳಲ್ಲಿ ರಾಜನ ಹೆಸರಿನಲ್ಲಿ ರಾಜದ್ರೋಹದ ಬರಹಗಳ ವಿರುದ್ಧ ಘೋಷಣೆ ಹೊರಟಿತು. ಸೆಪ್ಟೆಂಬರಿನಲ್ಲಿ ಪೇನ್ ಫ್ರಾನ್ಸಿಗೆ ಹೋಗಿ, ಅಲ್ಲಿನ ಸಭೆಗೆ ಪಾ-ದ-ಕ್ಯಾಲೆ ಪ್ರಾಂತ್ಯದ ಪ್ರತಿನಿಧಿಯಾಗಿ ಕೂತುಬಿಟ್ಟ. ಡಿಸೆಂಬರ್ 18ರಂದು ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ಅವನ ವಿಚಾರಣೆ ನಡೆದಾಗ ಆರೋಪಿಯ ಜಾಗವೇ ಖಾಲಿ. ತಪ್ಪಿತಸ್ಥ ಅಂತ ತೀರ್ಪು ಬಂತು. ಆದರೆ ಹಿಡಿದು ಹಾಕುವುದು ಯಾರನ್ನು?

ಅಂಗಡಿಯವನು ಎಲ್ಲಿಗೆ ಹೋಗುತ್ತಾನೆ? ಇಂಗ್ಲಿಷ್ ಕಾನೂನಿನ ಪ್ರಕಾರ ಬರಹ ಅಪರಾಧವಾಗುವುದೇ ಅದು ಇನ್ನೊಬ್ಬರ ಕೈಗೆ ಹೋದಾಗ. ಕೈಯಿಂದ ಕೈಗೆ ಕೊಡುವವನು ಯಾರು? ಗಲ್ಲಾದ ಹಿಂದೆ ಕೂತವನು. ಸಾಕ್ಷಿ ಹುಟ್ಟಿಸುವ ಕ್ರಮವೂ ಬಹಳ ಸರಳ. ಸರ್ಕಾರದ ಕಡೆಯವನೊಬ್ಬ ಮಾಮೂಲಿ ಗಿರಾಕಿಯ ಹಾಗೆ ಬರುತ್ತಾನೆ. ಪುಸ್ತಕ ಕೇಳುತ್ತಾನೆ, ದುಡ್ಡು ಕೊಡುತ್ತಾನೆ, ಕೊಟ್ಟವರ ಮುಖ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಹೊರಗೆ ಬಂದು ಪುಸ್ತಕದ ಮೇಲೆ ತನ್ನ ಗುರುತು ಹಾಕುತ್ತಾನೆ. ಕೋರ್ಟಿನಲ್ಲಿ ಆ ಗುರುತು ತೋರಿಸಿ, ‘ಇದೇ ಪ್ರತಿ, ಇದೇ ಅಂಗಡಿ’ ಅಂದರೆ ಸರ್ಕಾರದ ಅರ್ಧ ಕೆಲಸ ಮುಗಿದಂತೆ.

‘ನಾನು ಅಂಗಡಿಯಲ್ಲೇ ಇರಲಿಲ್ಲ, ಹುಡುಗ ಮಾರಿದ’ ಅಂದರೆ? ಆ ಬಾಗಿಲನ್ನು 1770ರಲ್ಲೇ ಮುಚ್ಚಿದ್ದರು. ಜಾನ್ ಆಲ್ಮನ್ ಎಂಬ ಲಂಡನ್ ವ್ಯಾಪಾರಿಯ ಅಂಗಡಿಯಲ್ಲಿ, ಜೂನಿಯಸ್ ಎಂಬ ಗುಪ್ತನಾಮದವನು ರಾಜನಿಗೆ ಬರೆದ ಕಾಗದವಿದ್ದ ಪತ್ರಿಕೆ ಮಾರಾಟವಾಯಿತು. ಆಳು ಮಾರಿದರೂ ಸರಿ, ಧಣಿಯೇ ಪ್ರಕಟಿಸಿದ ಅಂತ ಮೇಲ್ನೋಟಕ್ಕೆ ಹಿಡಿಯಬೇಕು, ಅಲ್ಲ ಅಂತ ತೋರಿಸುವುದು ಧಣಿಯ ಪಾಡು ಎಂದ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಮೂವತ್ತು ವರ್ಷದ ನಂತರವೂ ಅದೇ ಪಟ್ಟು. 1799ರಲ್ಲಿ ಜಾನ್ ಕತೆಲ್ ಎಂಬ ಪಾಪದ ಮನುಷ್ಯ ಸಿಕ್ಕಿಬಿದ್ದ. ಅವನ ವ್ಯಾಪಾರ ಹಳೆಯ ಗ್ರೀಕ್, ಲ್ಯಾಟಿನ್ ಪುಸ್ತಕಗಳದ್ದು. ಗಿಲ್ಬರ್ಟ್ ವೇಕ್‌ಫೀಲ್ಡ್ ಎಂಬ ಪಂಡಿತನ ಪುಸ್ತಕಗಳನ್ನು ಮಾರುತ್ತಿದ್ದ. ಅದರ ಜೊತೆಗೇ ಅವನ ರಾಜಕೀಯದ ಒಂದು ಕಿರುಹೊತ್ತಿಗೆಯೂ ಬಂದು ಅಂಗಡಿ ಸೇರಿತ್ತು. ಅದು ಮಾರಾಟವಾದದ್ದು ತನಗೆ ಗೊತ್ತೇ ಇರಲಿಲ್ಲ ಅಂತ ವಾದಿಸಿದರೂ ತಪ್ಪಿತಸ್ಥ ಅಂತಲೇ ಆಯಿತು. ಶಿಕ್ಷೆ ಮಾತ್ರ ಹಗುರ, ಸಣ್ಣ ದಂಡ ಕಟ್ಟಿ ಮನೆಗೆ ಹೋದ.

ಪ್ರಶ್ನೆ: ಆಗಿನ ಪುಸ್ತಕಕ್ಕೆ ಎಷ್ಟು ಬೆಲೆ? ಸುಮ್ನೆ ಕುತೂಹಲ.

ಸುಮ್ನೆ ಅಂದಿರಿ, ಆದರೆ ಇಡೀ ಕಥೆಯ ತಿರುಳೇ ಇದು. ‘ರೈಟ್ಸ್ ಆಫ್ ಮ್ಯಾನ್’ ಮೊದಲ ಭಾಗ 1791ರಲ್ಲಿ ಬಂದಾಗ ಬೆಲೆ ಮೂರು ಶಿಲಿಂಗ್. ಹಳ್ಳಿಯ ಕೂಲಿಗೆ ಆಗ ವಾರಕ್ಕೆ ಎಂಟೊಂಬತ್ತು ಶಿಲಿಂಗ್ ಸಿಕ್ಕರೆ ಹೆಚ್ಚು. ಆ ಪುಸ್ತಕದ ತಂಟೆಗೆ ಸರ್ಕಾರ ಹೋಗಲೇ ಇಲ್ಲ. ಆಮೇಲೆ ಆರು ಪೆನ್ಸಿನ, ಅಂದರೆ ಅರ್ಧ ಶಿಲಿಂಗಿನ, ಅಗ್ಗದ ಪ್ರತಿಗಳು ಊರೂರು ಸುತ್ತತೊಡಗಿದವು ನೋಡಿ, ಆಗ ಸರ್ಕಾರಕ್ಕೆ ಜ್ವರ ಬಂತು.

ಇದು ನನ್ನ ಊಹೆಯಲ್ಲ. ಪೇನ್ ವಿಚಾರಣೆಯಲ್ಲಿ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ, ಮ್ಯಾಕ್‌ಡೊನಾಲ್ಡ್ ತಾನೇ ಹೇಳಿದ. ಮೊದಲ ಭಾಗ ತಿಳಿವಳಿಕೆ ಇದ್ದವರ ಕೈಗೆ ಮಾತ್ರ ಹೋಗುತ್ತದೆ, ಅವರು ಓದುತ್ತಲೇ ಅದನ್ನು ತಳ್ಳಿಹಾಕುತ್ತಾರೆ ಅಂದುಕೊಂಡು ಸುಮ್ಮನಿದ್ದನಂತೆ. ಎರಡನೆಯದನ್ನು ಎಲ್ಲ ಅಳತೆಯಲ್ಲಿ, ಎಲ್ಲ ರೂಪದಲ್ಲಿ ಅಚ್ಚು ಹಾಕಿ ಸಿಕ್ಕಸಿಕ್ಕವರ ಕೈಗೆ ತುರುಕಿದರು, ಮಕ್ಕಳ ಮಿಠಾಯಿ ಕಟ್ಟುವ ಕಾಗದ ಕೂಡ ಇದೇ ಆಯಿತು ಅಂತ ಅವನ ದೂರು. ಮಿಠಾಯಿ ಪೊಟ್ಟಣದಲ್ಲಿ ರಾಜದ್ರೋಹ!

ವಿಲಿಯಂ ಗಾಡ್ವಿನ್ನನ ‘ಪೊಲಿಟಿಕಲ್ ಜಸ್ಟಿಸ್’ 1793ರಲ್ಲಿ ಬಂತು. ಸರ್ಕಾರ ಅಂಬುದೇ ಬೇಡ ಎನ್ನುವ ಮಟ್ಟಿಗೆ ಹೋಗುವ ಪುಸ್ತಕ ಅದು, ಪೇನ್‌ಗಿಂತ ಒಂದು ಕೈ ಜಾಸ್ತಿಯೇ. ಬೆಲೆ 36 ಶಿಲಿಂಗ್. ಯಾರೂ ಮುಟ್ಟಲಿಲ್ಲ. ಊಟಕ್ಕೇ ಕಾಸಿಲ್ಲದವರನ್ನು ಇಷ್ಟು ದುಬಾರಿ ಪುಸ್ತಕ ಏನು ಕೆಡಿಸೀತು ಅಂತ ಪ್ರಧಾನಿ ಪಿಟ್ ಹೇಳಿದನೆಂಬ ಕಥೆ ಇದೆ. ಕಥೆಯೋ ನಿಜವೋ, ಲೆಕ್ಕವಂತೂ ಸರಿಯಾಗಿಯೇ ಇದೆ. ನನ್ನನ್ನು ಕೇಳಿದರೆ, ಆ ಕಾಲದ ಮೊಕದ್ದಮೆಗಳಲ್ಲಿ ಪುಸ್ತಕದ ಒಳಗೆ ಏನಿದೆ ಅನ್ನುವುದಕ್ಕಿಂತ ಎಷ್ಟಕ್ಕೆ ಸಿಗುತ್ತದೆ ಅನ್ನುವುದನ್ನೇ ಮೊದಲು ನೋಡಬೇಕು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಬರೆದದ್ದು ನಿಜವಾಗಿದ್ದರೆ ಬಿಡುಗಡೆ ಇರಲಿಲ್ಲವೇ? ಜ್ಯೂರಿಯ ಕೆಲಸವೇನು?

ನಿಜ ಅಂತ ತೋರಿಸಿದರೆ ಇನ್ನೂ ಕಷ್ಟ, ಅಮ್ಮಾ! ಸರ್ಕಾರದ ಮೇಲೆ ಜನರಿಗೆ ಬೇಸರ ಹುಟ್ಟಿಸುವುದೇ ಅಪರಾಧ ಅಂದಮೇಲೆ, ಸುಳ್ಳಿಗಿಂತ ನಿಜವೇ ಜಾಸ್ತಿ ಬೇಸರ ಹುಟ್ಟಿಸುತ್ತದಲ್ವಾ? ಆಗಿನ ನ್ಯಾಯಾಧೀಶರ ತರ್ಕ ಹೀಗೆ. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಹನ್ನೆರಡು ಜನ ನಾಗರಿಕರು, ಎರಡೇ ವಿಷಯ ಹೇಳಬೇಕಿತ್ತು. ಇವನು ಪ್ರಕಟಿಸಿದನೇ? ಸರ್ಕಾರ ಹೇಳಿದ ಅರ್ಥವೇ ಅದರಲ್ಲಿದೆಯೇ? ಅದು ರಾಜದ್ರೋಹವೋ ಅಲ್ಲವೋ ಅನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ಇದು ಬಿರುಕು ಬಿಟ್ಟದ್ದು ಶ್ರೂಸ್‌ಬರಿಯಲ್ಲಿ, 1784ರ ಆಗಸ್ಟಿನಲ್ಲಿ. ಸೇಂಟ್ ಏಸಫ್‌ನ ಚರ್ಚಿನ ಡೀನ್ ವಿಲಿಯಂ ಶಿಪ್ಲಿ, ಒಬ್ಬ ಸಾಹುಕಾರನೂ ಒಬ್ಬ ರೈತನೂ ಸರ್ಕಾರದ ಬಗ್ಗೆ ಮಾತಾಡುವ ಸಣ್ಣ ಸಂವಾದವನ್ನು ಅಚ್ಚು ಹಾಕಿಸಿದ್ದ. ಬರೆದವನು ಯಾರು ಗೊತ್ತೇ? ಅವನ ತಂಗಿಯ ಗಂಡ ವಿಲಿಯಂ ಜೋನ್ಸ್. ಹೌದು, ಶಾಕುಂತಲವನ್ನು ಇಂಗ್ಲಿಷಿಗೆ ತಂದ ಅದೇ ಜೋನ್ಸ್. ಈ ವಿಚಾರಣೆಯ ಹೊತ್ತಿಗೆ ಅವನು ಕಲ್ಕತ್ತೆಯಲ್ಲಿ ಸ್ವತಃ ಜಡ್ಜ್ ಆಗಿ ಕೂತಿದ್ದ. ಇಲ್ಲೂ ಬರೆದವನು ದೂರದಲ್ಲಿ, ಅಚ್ಚು ಹಾಕಿಸಿದವನು ಕಟಕಟೆಯಲ್ಲಿ.

ಜ್ಯೂರಿ ಹೊರಗೆ ಹೋಗಿ ಬಂದು, ‘ಪ್ರಕಟಿಸಿದ್ದಕ್ಕೆ ಮಾತ್ರ ತಪ್ಪಿತಸ್ಥ’ ಅಂದಿತು, ರಾಜದ್ರೋಹ ಅನ್ನಲಿಲ್ಲ. ನ್ಯಾಯಾಧೀಶ ಬುಲ್ಲರ್‌ಗೆ ಆ ‘ಮಾತ್ರ’ ಗಂಟಲಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಜ್ಯೂರಿಯವರ ಜೊತೆ ಚೌಕಾಸಿಗೆ ಇಳಿದ. ಡೀನ್ ಪರ ವಕೀಲ ಥಾಮಸ್ ಎರ್ಸ್ಕಿನ್ ಎದ್ದು ನಿಂತ. ‘ಮಾತ್ರ ಎಂಬುದು ನಿಮ್ಮ ತೀರ್ಪಿನಲ್ಲಿ ಇರಬೇಕೋ?’ ಅಂತ ಜ್ಯೂರಿಯನ್ನೇ ಕೇಳಿದ. ಖಂಡಿತ ಇರಬೇಕು ಅಂದರು. ಹಾಗಾದರೆ ಬರೆದುಕೊಳ್ಳಲೇಬೇಕು ಅಂತ ಹಟ ಹಿಡಿದ. ಕುಳಿತುಕೋ, ಇಲ್ಲದಿದ್ದರೆ ಬೇರೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ ಅಂತ ಬುಲ್ಲರ್ ಗದರಿದ. ಏನು ಬೇಕಾದರೂ ಮಾಡಿ, ನಿಮ್ಮ ಕರ್ತವ್ಯ ನಿಮಗೆ ಗೊತ್ತಿರುವಷ್ಟೇ ನನ್ನದು ನನಗೆ ಗೊತ್ತು ಅಂದ ಎರ್ಸ್ಕಿನ್. ಬುಲ್ಲರ್ ಮುಂದೆ ಏನೂ ಮಾಡಲಿಲ್ಲ. ಒಂದು ಕಾಲದಲ್ಲಿ ಎರ್ಸ್ಕಿನ್ ಅವನ ಕೈಕೆಳಗೇ ವಕೀಲಿ ಕಲಿತವನು ಅನ್ನುವುದು ತಿಳಿದರೆ ಈ ಜಗಳ ಇನ್ನೂ ರುಚಿ. ಕೊನೆಗೆ ಆರೋಪಪತ್ರದಲ್ಲೇ ಅಪರಾಧ ಕಾಣುವುದಿಲ್ಲ ಅಂತ ಲಂಡನ್ನಿನಲ್ಲಿ ಡೀನ್ ಪಾರಾದ.

ಎಂಟು ವರ್ಷದ ನಂತರ, 1792ರಲ್ಲಿ, ಚಾರ್ಲ್ಸ್ ಜೇಮ್ಸ್ ಫಾಕ್ಸ್ ಮುಂದೆ ನಿಂತು ತಂದ ಕಾಯಿದೆ ಪೂರ್ತಿ ತೀರ್ಪನ್ನು ಜ್ಯೂರಿಯ ಕೈಗೇ ಕೊಟ್ಟಿತು. ಗೆದ್ದೆವು ಅಂದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಪೇನ್ ಮೊಕದ್ದಮೆ. ಎರ್ಸ್ಕಿನ್ ಗಂಟೆಗಟ್ಟಲೆ ವಾದಿಸಿ ಕೂತ. ಅಟಾರ್ನಿ ಜನರಲ್ ಉತ್ತರ ಕೊಡಲು ಏಳುತ್ತಿದ್ದ ಹಾಗೇ ಜ್ಯೂರಿಯ ಮುಖಂಡ ತಡೆದು, ನಮಗೆ ಉತ್ತರ ಬೇಕಿಲ್ಲ ಅಂದ. ತಪ್ಪಿತಸ್ಥ! ಇಂಥ ಕೇಸುಗಳಿಗೆ ‘ಸ್ಪೆಷಲ್ ಜ್ಯೂರಿ’ ಕೂರಿಸುತ್ತಿದ್ದರು. ಅನುಕೂಲಸ್ಥರ 48 ಹೆಸರು ತೆಗೆಯುವುದು, ಎರಡೂ ಕಡೆಯವರು ಹನ್ನೆರಡು ಹನ್ನೆರಡು ಹೆಸರು ಹೊಡೆದುಹಾಕುವುದು, ಉಳಿದ 24ರಲ್ಲಿ ಹನ್ನೆರಡು ಜನ ಕೂರುವುದು. ನೋಡಲು ಸಮ. ಆದರೆ ಆ 48 ಹೆಸರು ತೆಗೆಯುವವನು ರಾಜನ ಕಚೇರಿಯ ಅಧಿಕಾರಿಯೇ. ಮೇಲಾಗಿ, ತಲೆಗೊಂದು ಗಿನಿ, ಅಂದರೆ 21 ಶಿಲಿಂಗ್, ಸಂಭಾವನೆ.

ಪ್ರಶ್ನೆ: ಒಂದು ಹುಂಜದ ಕಥೆಗೆ ಮೊಕದ್ದಮೆ ಹೂಡಿದ್ದರಂತೆ, ಹೌದೇ? ನಾನು ಮಕ್ಕಳಿಗೆ ಕಥೆ ಹೇಳುವ ಮೇಷ್ಟ್ರು.

ಹೌದು ಮೇಷ್ಟ್ರೇ. ಇಡೀ ಕಾಲದ ಮೊಕದ್ದಮೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇದು.

ಡೇನಿಯಲ್ ಐಸಾಕ್ ಈಟನ್ ಲಂಡನ್ನಿನ ಪುಸ್ತಕ ವ್ಯಾಪಾರಿ. ಎಡ್ಮಂಡ್ ಬರ್ಕ್ ಎಂಬ ರಾಜಕಾರಣಿ 1790ರಲ್ಲಿ ಜನಸಾಮಾನ್ಯರನ್ನು ಹಂದಿ ಹಿಂಡು ಅನ್ನುವ ಅರ್ಥದಲ್ಲಿ ಒಂದು ಮಾತು ಬರೆದಿದ್ದ. ಆ ಬೈಗುಳವನ್ನೇ ಕಿರೀಟ ಮಾಡಿಕೊಂಡು ಈಟನ್ ತನ್ನ ಅಗ್ಗದ ವಾರಪತ್ರಿಕೆಗೆ ‘ಹಾಗ್ಸ್ ವಾಶ್’, ಅಂದರೆ ಹಂದಿ ಮುಸುರೆ, ಅಂತ ಹೆಸರಿಟ್ಟ. ಚಾನ್ಸರಿ ಲೇನ್‌ನಲ್ಲಿ ಪುಸ್ತಕ ಮಾರುತ್ತಿದ್ದ ಥಾಮಸ್ ಸ್ಪೆನ್ಸ್ ತನ್ನದಕ್ಕೆ ‘ಪಿಗ್ಸ್ ಮೀಟ್’ ಅಂದ. ಒಟ್ಟಿನಲ್ಲಿ ಹಂದಿಗಳಿಗೆ ಮೇವು ಭರ್ಜರಿ.

ಈಟನ್ ಮೇಲೆ 1793ರಲ್ಲೇ ಎರಡು ಸಲ ಪೇನ್ ಪುಸ್ತಕ ಮಾರಿದ ಆರೋಪ ಬಂದಿತ್ತು. ಎರಡರಲ್ಲೂ ಜ್ಯೂರಿ ಪೂರ್ತಿ ತಪ್ಪಿತಸ್ಥ ಅನ್ನದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಆಮೇಲೆ ಅವನು ಜಾನ್ ಥೆಲ್ವಾಲ್ ಎಂಬ ಭಾಷಣಕಾರ ಚರ್ಚಾಕೂಟದಲ್ಲಿ ಹೇಳಿದ ಒಂದು ಕಥೆ ಅಚ್ಚು ಹಾಕಿದ. ಹಿತ್ತಿಲಲ್ಲಿ ಒಂದು ಕಾಳಗದ ಹುಂಜ. ಹೆಸರು ಚಾಂಟಿಕ್ಲಿಯರ್ ರಾಜ. ಮಿರಮಿರ ಗರಿ, ಅಹಂಕಾರ, ಬೇರೆ ಕೋಳಿಗಳ ಮೇಲೆ ದರ್ಬಾರು. ಒಂದು ದಿನ ರೋಸಿಹೋಗಿ ಅದರ ತಲೆ ತೆಗೆದರೆ, ಗರಿ ಕಿತ್ತ ಮೇಲೆ ತಿಪ್ಪೆ ಕೆದರುವ ಕೋಳಿಗಿಂತ ಏನೂ ಹೆಚ್ಚಲ್ಲ. ಇಷ್ಟೇ ಕಥೆ. ಅದೇ ವರ್ಷದ ಜನವರಿಯಲ್ಲಿ ಫ್ರಾನ್ಸಿನ ರಾಜನ ತಲೆ ಹೋಗಿತ್ತು ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆರೋಪಪತ್ರ ಬರೆಯುವವನಿಗೆ ಬಂತು ನೋಡಿ ಪಜೀತಿ. ಹುಂಜವನ್ನು ಬೈದರೆ ಅಪರಾಧವಿಲ್ಲ. ಹುಂಜ ಅಂದರೆ ರಾಜ ಅಂತ ಸರ್ಕಾರವೇ ಹೇಳಬೇಕು. ಹೇಳಿದರು! ಕಥೆಯಲ್ಲಿ ಹುಂಜ ಬಂದ ಜಾಗದಲ್ಲೆಲ್ಲ ‘ಅಂದರೆ ನಮ್ಮ ಪ್ರಭುಗಳಾದ ಮಹಾರಾಜರು’ ಅಂತ ಸೇರಿಸುತ್ತಾ ಹೋದರು. ಸೊಕ್ಕಿನ, ದಬ್ಬಾಳಿಕೆಯ ಹುಂಜ, ಅಂದರೆ ನಮ್ಮ ಮಹಾರಾಜರು. ಪ್ರೂಫ್ ನೋಡುವವನ ಕಣ್ಣಿಗೆ ಇದಕ್ಕಿಂತ ಹಬ್ಬ ಬೇಕೇ?

1794ರ ಫೆಬ್ರುವರಿಯಲ್ಲಿ ಕೇಸು ಬಂದಾಗ ಈಟನ್ ಪರ ವಕೀಲ ಜಾನ್ ಗರ್ನಿ ಇದನ್ನೇ ಹಿಡಿದ. ಕಥೆಯಲ್ಲಿ ರಾಜ ಜಾರ್ಜ್ ಎಲ್ಲಿದ್ದಾನೆ? ದಬ್ಬಾಳಿಕೆ ಎಂದ ತಕ್ಷಣ ನಮ್ಮ ದೊರೆಯೇ ನೆನಪಾಗುವುದು ಆರೋಪ ಬರೆದವರಿಗೆ, ರಾಜನ ಮರ್ಯಾದೆ ಕಳೆದವರು ಅವರೇ. ಜ್ಯೂರಿ ಬಿಟ್ಟುಬಿಟ್ಟಿತು. ಈಟನ್ ಸುಮ್ಮನಿರುವ ಆಸಾಮಿಯಲ್ಲ. ನ್ಯೂಗೇಟ್ ಬೀದಿಯ ಅಂಗಡಿಗೆ ‘ಹುಂಜ ಮತ್ತು ಹಂದಿ’ ಅಂತ ಬೋರ್ಡು ಹಾಕಿದ. ಹಂದಿಗಳ ಮೇಲೆ ನಿಂತು ಕೂಗುವ ಹುಂಜದ ಚಿತ್ರವಿರುವ ತಾಮ್ರದ ಟೋಕನ್ ಬೇರೆ ಹೊರಟಿತು. ತನ್ನನ್ನು ಪ್ರಜಾಪ್ರಭುಗಳ ಮುದ್ರಕ ಅಂತ ಕರೆದುಕೊಂಡ.

ಆಮೇಲಿನ ದಿನಗಳು ಇಷ್ಟು ಸುಲಭವಿರಲಿಲ್ಲ. ಶಿಕ್ಷೆ ತಪ್ಪಿಸಿಕೊಂಡು ಅಮೆರಿಕಕ್ಕೆ ಓಡಿದ, ವರ್ಷಗಳ ಮೇಲೆ ವಾಪಸು ಬಂದ. 1812ರಲ್ಲಿ, ಬೈಬಲನ್ನು ಟೀಕಿಸುವ ಪೇನ್‌ನ ‘ಏಜ್ ಆಫ್ ರೀಸನ್’ ಮೂರನೇ ಭಾಗಕ್ಕೆ ಮತ್ತೆ ಸಿಕ್ಕಿ, ಹದಿನೆಂಟು ತಿಂಗಳ ಜೈಲು ಮತ್ತು ಪಿಲರಿ ಶಿಕ್ಷೆ. ಪಿಲರಿ ಅಂದರೆ ಕತ್ತು ಮತ್ತು ಕೈಗಳನ್ನು ಮರದ ಹಲಗೆಯಲ್ಲಿ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸುವುದು. ಜನ ಕೊಳೆತದ್ದನ್ನು ಎಸೆಯಲಿ ಅಂತಲೇ ಇರುವ ಶಿಕ್ಷೆ. ಜನ ಆ ಮುದುಕನಿಗೆ ಜೈಕಾರ ಹಾಕಿದರು.

ಪ್ರಶ್ನೆ: ಇವರ ಹೆಂಡತಿ ಮಕ್ಕಳ ಗತಿ ಏನಾಯಿತು? ಇತಿಹಾಸ ಬರೆಯುವವರು ಅದನ್ನು ಹೇಳುವುದೇ ಇಲ್ಲ.

ಒಳ್ಳೆ ಪ್ರಶ್ನೆ. ಥಾಮಸ್ ವಿಲಿಯಮ್ಸ್ ಎಂಬ ಬಡ ವ್ಯಾಪಾರಿಯದನ್ನು ಹೇಳುತ್ತೇನೆ. ಇವನ ಮೇಲಿದ್ದದ್ದು ಧರ್ಮನಿಂದೆಯ ಆರೋಪ, ರಾಜದ್ರೋಹದ್ದಲ್ಲ. 1797ರಲ್ಲಿ ‘ಏಜ್ ಆಫ್ ರೀಸನ್’ ಮಾರಿದ್ದಕ್ಕೆ, ಬಿಷಪ್ಪರೂ ಗಣ್ಯರೂ ಸೇರಿದ್ದ ಒಂದು ಸಂಘ ಕೇಸು ಹಾಕಿಸಿತು. ಸಂಘದ ವಕೀಲ ಯಾರು? ಪೇನ್ ಪರ ವಾದಿಸಿದ ಅದೇ ಎರ್ಸ್ಕಿನ್! ಈ ಸಲ ಎದುರು ಬದಿ. ಗೆದ್ದೂಬಿಟ್ಟ.

ಶಿಕ್ಷೆ ಹೇಳುವುದು ಬಾಕಿ ಇತ್ತು. ಒಂದು ದಿನ ಎರ್ಸ್ಕಿನ್ ಲಂಡನ್ನಿನ ಓಣಿಯೊಂದರಲ್ಲಿ ಹೋಗುವಾಗ ಯಾರೋ ಕೋಟು ಹಿಡಿದು ಎಳೆದರು. ನೋಡಿದರೆ ಕಣ್ಣೀರಿಡುತ್ತಿರುವ, ಸೊರಗಿದ ಒಬ್ಬ ಹೆಂಗಸು. ಎಳೆದುಕೊಂಡೇ ಒಂದು ಸಣ್ಣ ಕೋಣೆಗೆ ಕರೆದೊಯ್ದಳು. ಒಳಗೆ ಸಿಡುಬಿನಿಂದ ಮಲಗಿದ ಮಕ್ಕಳು. ಪಕ್ಕದಲ್ಲಿ ಅವಳ ಗಂಡ ವಿಲಿಯಮ್ಸ್ ಹಾಳೆ ಹೊಲಿಯುತ್ತಾ ಕೂತಿದ್ದ. ಹೊಲಿಯುತ್ತಿದ್ದದ್ದು ಏನನ್ನು? ದೇವರ ಭಕ್ತಿಯ ಪುಟ್ಟ ಪುಸ್ತಕಗಳನ್ನು. ಅವನ ಹೊಟ್ಟೆಪಾಡೇ ಅದು.

ಕರುಣೆ ತೋರಿಸಿ ಅಂತ ಎರ್ಸ್ಕಿನ್ ಸಂಘಕ್ಕೆ ಬರೆದ. ಸಂಘ ಒಪ್ಪಲಿಲ್ಲ. ಅವನು ಫೀಸು ವಾಪಸು ಕೊಟ್ಟು ಕೇಸಿನಿಂದ ಹೊರಬಂದ. ವಿಲಿಯಮ್ಸ್‌ಗೆ ಒಂದು ವರ್ಷ ಜೈಲು. ಬಿಷಪ್ಪರ ಮೇಲೆ ನನಗೆ ಹೇಳತೀರದ ಸಿಟ್ಟು ಬರುವುದು ಈ ಪುಟ ಓದಿದಾಗಲೇ.

ಹೆಂಗಸರು ಬರೀ ಅಳುತ್ತಾ ಕೂರಲಿಲ್ಲ ಅನ್ನುವುದಕ್ಕೆ ರಿಚರ್ಡ್ ಕಾರ್ಲೈಲ್ ಎಂಬ ಪುಸ್ತಕ ವ್ಯಾಪಾರಿಯ ಮನೆ ನೋಡಿ. 1819ರಲ್ಲಿ ಅವನ ವಿಚಾರಣೆ. ಕೋರ್ಟಿನ ವರದಿ ಅಚ್ಚು ಹಾಕಲು ಅಡ್ಡಿಯಿಲ್ಲ ಅನ್ನುವ ಲೆಕ್ಕದಲ್ಲಿ, ಅವನು ‘ಏಜ್ ಆಫ್ ರೀಸನ್’ ಪುಸ್ತಕವನ್ನು ತನ್ನ ವಾದದಲ್ಲೇ ಓದಿಬಿಟ್ಟ! ಅವನು ಡಾರ್ಚೆಸ್ಟರ್ ಜೈಲಿಗೆ ಹೋದ ಮೇಲೆ ಹೆಂಡತಿ ಜೇನ್ ಗಲ್ಲಾದಲ್ಲಿ ಕೂತಳು. ಅವಳನ್ನೂ ಒಳಗೆ ಹಾಕಿದರು. ಕಾರ್ಲೈಲ್‌ನ ತಂಗಿ ಮೇರಿ ಆ್ಯನ್ ಕೂತಳು, ಅವಳೂ ಒಳಗೆ. ಆಮೇಲೆ ಊರೂರುಗಳಿಂದ ಯಾರ್ಯಾರೋ ತಾವಾಗಿ ಬಂದು ಅಂಗಡಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಜೈಲಿಗೆ ಹೋದರು. ಕಾರ್ಲೈಲ್ ಒಳಗಿದ್ದದ್ದು ಆರು ವರ್ಷ.

ಕೊಟ್ಟ ಕೈಯನ್ನು ನೋಡಿದ ಸಾಕ್ಷಿ ಬೇಕು ಅಂತ ಮೊದಲೇ ಹೇಳಿದೆನಲ್ಲ, ಅದಕ್ಕೂ ಇವರು ಉಪಾಯ ಹೂಡಿದರು. ಗಿರಾಕಿಯ ಮುಂದೆ ಒಂದು ಮುಳ್ಳಿನ ಫಲಕ. ಮುಳ್ಳನ್ನು ಬೇಕಾದ ಪುಸ್ತಕದ ಕಡೆ ತಿರುಗಿಸಿ ದುಡ್ಡು ಹಾಕಿದರೆ ಪುಸ್ತಕ ಕೆಳಗೆ ಜಾರಿ ಬರುತ್ತಿತ್ತು. ಮಾರಿದವರ ಮುಖವೇ ಕಾಣದು. ಅಷ್ಟು ಮಾಡಿದರೂ ಬಂಧನ ನಿಲ್ಲಲಿಲ್ಲ.

ಪ್ರಶ್ನೆ: ಜೈಲಿಗೆ ಹೋದವರೆಲ್ಲ ಮುಳುಗಿಹೋದರೇ?

ಎಲ್ಲರೂ ಅಲ್ಲ. ಲೆಸ್ಟರ್‌ನ ರಿಚರ್ಡ್ ಫಿಲಿಪ್ಸ್ ಪೇನ್ ಪುಸ್ತಕ ಮಾರಿ ಹದಿನೆಂಟು ತಿಂಗಳು ಒಳಗಿದ್ದ. ಮುಂದೆ ಲಂಡನ್ನಿನಲ್ಲಿ ದೊಡ್ಡ ಪ್ರಕಾಶಕನಾಗಿ, ಶೆರಿಫ್ ಆಗಿ, ರಾಜನಿಂದಲೇ ‘ಸರ್’ ಬಿರುದು ಪಡೆದ. ಶೆಫೀಲ್ಡಿನ ಜೇಮ್ಸ್ ಮಾಂಟ್‌ಗೊಮೆರಿ, ಬೀದಿಯಲ್ಲಿ ಹಾಡು ಮಾರುವವನಿಗೆ ಪ್ಯಾರಿಸಿನ ಬಾಸ್ಟೀಲ್ ಕೋಟೆ ಕುಸಿದ ಬಗೆಗಿನ ಒಂದು ಹಾಡನ್ನು ಕೆಲವು ಪೆನ್ಸಿನ ಆಸೆಗೆ ಅಚ್ಚು ಹಾಕಿಕೊಟ್ಟು 1795ರಲ್ಲಿ ಮೂರು ತಿಂಗಳು ಜೈಲು ಕಂಡ. ಅವನು ಮುಂದೆ ಹೆಸರುವಾಸಿಯಾದದ್ದು ಚರ್ಚಿನ ಕೀರ್ತನೆಗಳಿಗೆ.

ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್‌ಯಾರ್ಡಿನ ಜೋಸೆಫ್ ಜಾನ್ಸನ್, ಲೇಖಕಿ ಮೇರಿ ವೋಲ್ಸ್‌ಟನ್‌ಕ್ರಾಫ್ಟ್ ಪುಸ್ತಕಗಳನ್ನು ಹೊರತಂದ ಮರ್ಯಾದಸ್ಥ. ‘ರೈಟ್ಸ್ ಆಫ್ ಮ್ಯಾನ್’ ಅಚ್ಚು ಹಾಕಿ, ಬಿಡುಗಡೆಯ ಹೊತ್ತಿಗೆ ಹೆದರಿ ಹಿಂದೆ ಸರಿದವನೂ ಅವನೇ. ಅಷ್ಟು ಹುಷಾರಾಗಿದ್ದವನನ್ನು 1798ರಲ್ಲಿ ಆ ವೇಕ್‌ಫೀಲ್ಡ್ ಹೊತ್ತಿಗೆಗೆ ಹಿಡಿದು, ದುರುದ್ದೇಶದ, ರಾಜದ್ರೋಹಿ, ಕೆಟ್ಟ ಬುದ್ಧಿಯ ಮನುಷ್ಯ ಅಂತ ಆರೋಪಪತ್ರದಲ್ಲಿ ಬರೆದರು. ಆರು ತಿಂಗಳು, 50 ಪೌಂಡ್ ದಂಡ. ಕಿಂಗ್ಸ್ ಬೆಂಚ್ ಜೈಲಿನ ಸರಹದ್ದಿನಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದು ಅಲ್ಲೂ ಸ್ನೇಹಿತರಿಗೆ ಊಟ ಹಾಕಿಸಿದ. ದುಡ್ಡಿದ್ದರೆ ಜೈಲೂ ಬೇರೆಯೇ. ಬರೆದ ವೇಕ್‌ಫೀಲ್ಡ್ ಎಲ್ಲಿಗೂ ಓಡಲಿಲ್ಲ. ಎರಡು ವರ್ಷ ಜೈಲಿನಲ್ಲಿದ್ದು, 1801ರಲ್ಲಿ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಜ್ವರ ಬಂದು ಸತ್ತ.

ಪ್ರಶ್ನೆ: ಪುಸ್ತಕದಲ್ಲಿ ಮುದ್ರಕರ ಹೆಸರು, ವಿಳಾಸ ಹಾಕುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇಂಗ್ಲೆಂಡಿನ ಮಟ್ಟಿಗೆ ನೇರ ಸಂಬಂಧವಿದೆ. ಮೊದಲೂ ಹೆಸರು ಹಾಕುತ್ತಿದ್ದರು, ಆದರೆ ಅದು ವ್ಯಾಪಾರದ ಜಾಹೀರಾತಿಗೆ. 1799ರ ಕಾಯಿದೆ ಅದನ್ನು ಕಡ್ಡಾಯ ಮಾಡಿತು. ಅಚ್ಚಿನ ಯಂತ್ರ ಇಟ್ಟುಕೊಂಡವನು ಅಧಿಕಾರಿಯ ಹತ್ತಿರ ನೋಂದಾಯಿಸಬೇಕು. ಅಚ್ಚಾದ ಪ್ರತಿಯೊಂದರ ಮೊದಲ ಮತ್ತು ಕೊನೆಯ ಹಾಳೆಗಳಲ್ಲಿ ಹೆಸರು, ವಿಳಾಸ ಇರಬೇಕು. ಇಲ್ಲದಿದ್ದರೆ ಪ್ರತಿಯೊಂದಕ್ಕೆ 20 ಪೌಂಡ್ ದಂಡ. ಗಮನಿಸಿ, ಪುಸ್ತಕಕ್ಕಲ್ಲ, ಒಂದೊಂದು ಪ್ರತಿಗೆ. ಜೊತೆಗೆ, ಅಚ್ಚು ಹಾಕಿದ್ದರ ಒಂದು ಪ್ರತಿಯ ಮೇಲೆ ಕೆಲಸ ಕೊಟ್ಟವನ ಹೆಸರು ಬರೆದು ಆರು ತಿಂಗಳು ಜೋಪಾನವಾಗಿ ಇಡಬೇಕು, ಅಧಿಕಾರಿ ಕೇಳಿದಾಗ ತೋರಿಸಬೇಕು. ಬರೆದವನನ್ನು ಹುಡುಕುವ ತಲೆನೋವನ್ನು ಹೀಗೆ ಮುದ್ರಕನ ಕೊರಳಿಗೇ ಕಟ್ಟಿದರು.

ಕಾರ್ಲೈಲ್ ಬಗ್ಗೆ ಇನ್ನೂ ಕೆಲವು ಪತ್ರಗಳಿವೆ. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.